ಆರ್ದ್ರತೆಯ ಜೊತೆಗೆ ಇಬ್ಬನಿ ಬಿಂದುವನ್ನೂ ಪ್ರಕಟಿಸಿ

ಮಾನ್ಯ ಸಂಪಾದಕರೇ,

ಪತ್ರಿಕೆಗಳ ಹವಾಮಾನ ಅಂಕಣದಲ್ಲಿ ಆರ್ದ್ರತೆ ಶೇ 90 ಎಂದು ಓದಿದ ನಮ್ಮ ಕಡೆಯ ಅನೇಕ ರೈತರು ಗಾಳಿಯಲ್ಲಿ ಅಷ್ಟು ಪಾಲು ನೀರೇ ಇದೆಯೆಂದು ಭಾವಿಸುತ್ತಾರೆ. ಆದರೆ ಆಗಿನ ಉಷ್ಣತೆಯಲ್ಲಿ ಇರಬಹುದಾದ ಗರಿಷ್ಠ ಆವಿಯಲ್ಲಿ ಎಷ್ಟು ಪಾಲು ಇದೆ ಎಂಬುದನ್ನಷ್ಟೇ ಸಾಪೇಕ್ಷ ಆರ್ದ್ರತೆ ಹೇಳುತ್ತದೆ. ಮುಂಜಾನೆ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶೇ 90 ಇದ್ದದ್ದು, ಆವಿ ಒಂದಿಷ್ಟೂ ಕಡಿಮೆಯಾಗದಿದ್ದರೂ, ಮಧ್ಯಾಹ್ನದ 32 ಡಿಗ್ರಿಗೆ ಶೇ 45ರ ಆಸುಪಾಸಿಗೆ ಇಳಿಯುತ್ತದೆ.

ದಾವಣಗೆರೆ ಸುತ್ತಲಿನ ಮೆಕ್ಕೆಜೋಳ ಬೆಳೆಗಾರರಿಗೆ ಇದು ಬರಿಯ ಪಾಠವಲ್ಲ. ಹಸಿ ಕಾಳಿನ ರಾಶಿಗೆ ಸಂಜೆ ತಾಡಪಾಲು ಹೊದಿಸಿದಾಗ, ಕಾಳಿನಿಂದ ಹೊರಟ ಆವಿ ಒಳಗಿನ ಗಾಳಿಯನ್ನು ತುಂಬುತ್ತದೆ. ರಾತ್ರಿ ತಂಪೇರಿ ಆ ಗಾಳಿ ಪರ್ಯಾಪ್ತ ಸ್ಥಿತಿ (ಇನ್ನಷ್ಟು ಆವಿಗೆ ಎಡೆಯಿಲ್ಲದ ಸ್ಥಿತಿ) ಮುಟ್ಟಿದೊಡನೆ, ಹೆಚ್ಚಾದ ಆವಿ ಹಾಳೆಯ ಒಳಮೈಯಲ್ಲಿ ಹನಿಗಟ್ಟಿ ಮತ್ತೆ ಕಾಳಿನ ಮೇಲೆಯೇ ತೊಟ್ಟಿಕ್ಕುತ್ತದೆ. ಕಳೆದ ಸುಗ್ಗಿಯಲ್ಲಿ ನನ್ನ ಕಣದ ರಾಶಿಯ ಮೇಲ್ಪದರಕ್ಕೆ ಬೂಷ್ಟು ಹಿಡಿದದ್ದು ಹೀಗೆಯೇ. ಆ ವಾರ ಒಂದು ಹನಿ ಮಳೆಯೂ ಬಿದ್ದಿರಲಿಲ್ಲ.

ಆದ್ದರಿಂದ ತಾವು ಆರ್ದ್ರತೆಯನ್ನು ಅಳೆದ ಸಮಯವನ್ನೂ, ಯಾವ ಉಷ್ಣತೆಗೆ ಇಳಿದರೆ ಗಾಳಿ ಪರ್ಯಾಪ್ತವಾಗುತ್ತದೆಂದು ತಿಳಿಸುವ ಇಬ್ಬನಿ ಬಿಂದುವನ್ನೂ ಪ್ರಕಟಿಸಬೇಕೆಂದು ಕೋರುತ್ತೇನೆ.

– ಒಬ್ಬ ಮೆಕ್ಕೆಜೋಳ ಬೆಳೆಗಾರ, ದಾವಣಗೆರೆ ತಾಲ್ಲೂಕು