ಮಗಳಿಗೊಂದು ಪತ್ರ: ಬ್ಯಾನರ್ ಪ್ರಿಂಟಿಗೆ ಕೊಡುವ ಮೊದಲು

ಮಗಾ,

ನಿನ್ನ ಕಾಲೇಜಿನ ನಿರಾಶ್ರಿತರ ದಿನದ ಕಾರ್ಯಕ್ರಮದ ಬಗ್ಗೆ ನಿನ್ನೆ ರಾತ್ರಿ ನಮ್ಮಿಬ್ಬರಿಗೂ ಆದ ಜಗಳವನ್ನು ಇಲ್ಲಿ ಪುನಃ ಎತ್ತುವುದಿಲ್ಲ. ದನಿ ಅಷ್ಟು ಏರಬಾರದಿತ್ತು, ಬೇಜಾರು ಮಾಡಿಕೊಳ್ಳಬೇಡ. ಬ್ಯಾನರಿನಲ್ಲಿ ಅತಿಥಿಯ ಮುಖ, ಹೆಸರು ಬೇಡ, ವೇದಿಕೆಯಲ್ಲಿ ಅವರಿಂದ ರಾಜಕೀಯ ಮಾತಾಡಿಸಬೇಡ ಅಂತ ಹೇಳಿದ ಮಾತು ಮಾತ್ರ ಹಾಗೇ ಇದೆ. ಫೋನಿನಲ್ಲಿ ಹೇಳಿದರೆ ನೀನು ಅರ್ಧಕ್ಕೇ "ಆಯ್ತಮ್ಮಾ" ಅಂತ ಇಟ್ಟುಬಿಡುತ್ತೀ, ಅದಕ್ಕೇ ಬರೆಯುತ್ತಿದ್ದೇನೆ.

ಜೂನ್ 20 ಬಂತೆಂದರೆ ವಿಶ್ವ ನಿರಾಶ್ರಿತರ ದಿನ ಅಂತ ಕಾಲೇಜುಗಳು ನನ್ನಂಥ ವಕೀಲರನ್ನು ಕರೆದು, ಮುಕ್ಕಾಲು ಗಂಟೆ ಭಾಷಣ ಮಾಡಿಸಿ, ಶಾಲು ಹೊದೆಸಿ ಕಳಿಸುತ್ತವೆ. ನಿರಾಶ್ರಿತರ ಹಕ್ಕಿನ ಬಗ್ಗೆ ಅವರೇ ಬಂದು ಇಲ್ಲಿಯ ಮಕ್ಕಳ ಹತ್ತಿರ ಮಾತಾಡಲಿ ಅಂತ ನಿನಗೆ ಹೊಳೆಯಿತಲ್ಲ, ಬೈಲಕುಪ್ಪೆಯ ಇಬ್ಬರು ಟಿಬೆಟನ್ ಹುಡುಗರನ್ನೂ ಕೊಣಾಜೆಯ ಆ ಅಫ್ಘಾನ್ ಹುಡುಗಿಯನ್ನೂ ನೀನೇ ಮಾತಾಡಿಸಿ ಕರೆದೆಯಲ್ಲ, ಅದರ ಹೆಮ್ಮೆ ನನಗುಂಟು. ಅಪ್ಪನ ಹತ್ತಿರ ಹೇಳಿದ್ದೆ, ನಿನ್ನ ಹತ್ತಿರ ಹೇಳಿರಲಿಲ್ಲ.

ಇನ್ನು ಫೋಟೋ. ಬ್ಯಾನರಿನಲ್ಲಿ ಆ ಹುಡುಗಿಯ ಮುಖ, ಪೂರ್ತಿ ಹೆಸರು, ಓದುವ ಕೋರ್ಸು ಮೂರೂ ಇವೆ. ಅವಳು ಒಪ್ಪಿದ್ದಾಳೆ ಅನ್ನುತ್ತೀ. ಕರೆದವರು ನೀವು, ಹಾಸ್ಟೆಲಿನಲ್ಲಿ ಜೊತೆಗಿರುವವರೂ ನೀವೇ. ಬೇಡ ಅನ್ನಲಿಕ್ಕೆ ಅವಳಿಗೆ ದಾಕ್ಷಿಣ್ಯ ಆಗದೇ ಇರುತ್ತದಾ? ಮುಖ, ದನಿ, ಹೆಸರು, ಊರು, ಈ ನಾಲ್ಕಕ್ಕೂ ಬೇರೆ ಬೇರೆ ಒಪ್ಪಿಗೆ ಕೇಳಬೇಕು, ಅದೂ ಅವಳಿಗೆ ಸರಿಯಾಗಿ ಅರ್ಥವಾಗುವ ಭಾಷೆಯಲ್ಲಿ, ಬರಹದಲ್ಲಿ. ಮುಖ ಬೇಡ, ದನಿ ಆಗಬಹುದು ಅಂತ ಹೇಳುವವರಿದ್ದಾರೆ. ಒಂದೇ ಸಹಿಯಲ್ಲಿ ಎಲ್ಲ ಮುಗಿಸಿದರೆ ಅದಕ್ಕೆ ದಾರಿಯೇ ಇಲ್ಲ. ಕಾರ್ಯಕ್ರಮ ಮುಗಿದು ಎರಡು ದಿನ ಬಿಟ್ಟು ಪುನಃ ಕೇಳು, ಅಲ್ಲಿಯವರೆಗೆ ಏನನ್ನೂ ಹಾಕಬೇಡ. ಕೊಟ್ಟ ಒಪ್ಪಿಗೆಯನ್ನು ವಾಪಸ್ ತೆಗೆದುಕೊಳ್ಳುವ ಹಕ್ಕು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿದೆ. ಆದರೆ ಇನ್ನೂರು ಜನರ ಸ್ಟೇಟಸ್ಸಿಗೆ ಹೋದ ರೀಲನ್ನು ಯಾವ ಕಾಯ್ದೆ ವಾಪಸ್ ತರುತ್ತದೆ?

ಅವಳಿಗೆ ಇಲ್ಲಿ ಎಂತ ಆಗುತ್ತದೆ ಅಂತ ನೀನು ಕೇಳಿದೆ. ಇಲ್ಲಿ ಆಗಲಿಕ್ಕಿಲ್ಲ ಮಾರಾಯ್ತಿ. ಊರಲ್ಲಿ ಅವಳ ಅಪ್ಪ ಅಮ್ಮ ಇದ್ದಾರೆ, ಅಣ್ಣ ತಮ್ಮಂದಿರಿದ್ದಾರೆ. 2021ರ ಆಗಸ್ಟಿನಲ್ಲಿ ತಾಲಿಬಾನ್ ಬಂದ ನಂತರ ಅಲ್ಲಿ ಯಾರು ಯಾರ ಫೋನ್ ನೋಡುತ್ತಾರೆ ಅಂತ ನಾವು ಕೊಣಾಜೆಯಲ್ಲಿ ಕೂತು ಹೇಳಲಿಕ್ಕಾಗುತ್ತದಾ? ಟಿಬೆಟಿನಲ್ಲಿ ನೆಂಟರಿರುವವರಿಗೂ ಇದೇ ಭಯ. ಮುಖ ಮಸುಕು ಮಾಡಿದರೆ ಸಾಕು ಅನ್ನಬೇಡ. ದನಿ ಇರುತ್ತದೆ, ಕೈಯ ಉಂಗುರ ಇರುತ್ತದೆ, ಕುತ್ತಿಗೆಯಲ್ಲಿ ಕಾಲೇಜಿನ ಐಡಿ ಕಾರ್ಡ್ ನೇತಾಡುತ್ತಿರುತ್ತದೆ.

ಇದಕ್ಕಿಂತ ದೊಡ್ಡ ತಲೆನೋವು ನಿಮ್ಮ ಕಾಲೇಜಿನ ವರದಿ. ಕಾರ್ಯಕ್ರಮ ನಡೆದದ್ದಕ್ಕೆ ಸಾಕ್ಷಿಯಾಗಿ ಕಾಲೇಜುಗಳಿಗೆ ದರ್ಜೆ ಕೊಡುವ ನ್ಯಾಕ್‌ನವರ ಫೈಲಿಗೆ ಜಿಯೋಟ್ಯಾಗ್ ಫೋಟೋ ಕೇಳುತ್ತಾರಲ್ಲ, ಅದರಲ್ಲಿ ಮುಖದ ಕೆಳಗೇ ಜಾಗದ ಹೆಸರು, ಅಕ್ಷಾಂಶ ರೇಖಾಂಶ, ತಾರೀಕು, ಗಂಟೆ ಎಲ್ಲ ಅಚ್ಚಾಗುತ್ತದೆ. ಆ ಫೈಲ್ ಆಮೇಲೆ ಕಾಲೇಜಿನ ವೆಬ್‌ಸೈಟಿಗೆ ಏರುತ್ತದೆ. ಹಾಗಾಗಿ ಅತಿಥಿಗಳು ಒಳಗೆ ಬರುವ ಮೊದಲೇ ವಿದ್ಯಾರ್ಥಿಗಳನ್ನು ಕೂರಿಸಿ, ಬ್ಯಾನರ್ ಕಾಣುವ ಹಾಗೆ ಎರಡು ಫೋಟೋ ತೆಗೆದು ಫೈಲಿಗೆ ಕೊಡು. ಹಾಜರಿ ಹಾಳೆಯಲ್ಲಿ ವಿದ್ಯಾರ್ಥಿಗಳ ಸಹಿ ಮಾತ್ರ ಇರಲಿ. ಅತಿಥಿಗಳ ಹೆಸರಿನ ಜಾಗದಲ್ಲಿ "ಸಂಪನ್ಮೂಲ ವ್ಯಕ್ತಿಗಳು, ಮೂವರು" ಅಂತ ಬರೆದರೆ ಸಾಕು. ಆಮೇಲೆ ಫೋನುಗಳನ್ನೆಲ್ಲ ಬಾಗಿಲಲ್ಲೇ ಒಂದು ಬುಟ್ಟಿಗೆ ಹಾಕಿಸು, ಲೆಕ್ಚರರ್‌ಗಳದ್ದನ್ನೂ. ಅವರ ಹತ್ತಿರ ಕೇಳಲಿಕ್ಕೆ ನಿನಗೆ ಸಂಕೋಚವಾದರೆ ಪ್ರಿನ್ಸಿಪಾಲರ ಹತ್ತಿರವೇ ಹೇಳಿಸು.

ಫೋಟೋದಲ್ಲೇ ಪತ್ರ ಅರ್ಧ ಮುಗಿಯಿತು, ಇರಲಿ. ಒಳಗಿನ ವಿಷಯಕ್ಕೆ ಬರುತ್ತೇನೆ.

"ವಿಶ್ವಸಂಸ್ಥೆಯ ಒಪ್ಪಂದದ ಪ್ರಕಾರ ಭಾರತ ಇದನ್ನೆಲ್ಲ ಕೊಡಲೇಬೇಕಲ್ಲ" ಅಂತ ಯಾರಾದರೂ ಎದ್ದು ನಿಂತು ಹೇಳಿಯೇ ಹೇಳುತ್ತಾರೆ. 1951ರ ನಿರಾಶ್ರಿತರ ಒಡಂಬಡಿಕೆಗಾಗಲಿ 1967ರ ಅದರ ಪ್ರೋಟೋಕಾಲ್‌ಗಾಗಲಿ ನಮ್ಮ ದೇಶ ಸೇರಿಲ್ಲ. ನಿರಾಶ್ರಿತರಿಗಾಗಿಯೇ ಬೇರೆ ಕಾನೂನೂ ಇಲ್ಲ. 1946ರ ವಿದೇಶಿಯರ ಕಾಯ್ದೆಯ ಜಾಗಕ್ಕೆ ಈಗ 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದಿದೆ, ಅದರ ಲೆಕ್ಕದಲ್ಲಿ ನಿರಾಶ್ರಿತನೂ ವಿದೇಶಿಯೇ. ಹಾಗಂತ ಕೈ ಖಾಲಿಯೇನಲ್ಲ. ಸಂವಿಧಾನದಲ್ಲಿ ಸಮಾನತೆಯ 14ನೇ ವಿಧಿ, ಜೀವದ ಹಕ್ಕಿನ 21ನೇ ವಿಧಿ ಎರಡೂ "ಯಾವುದೇ ವ್ಯಕ್ತಿ" ಅನ್ನುತ್ತವೆ, ಪ್ರಜೆ ಅನ್ನುವುದಿಲ್ಲ. ಪೂರ್ವ ಪಾಕಿಸ್ತಾನದಿಂದ ಬಂದು ಅರುಣಾಚಲದಲ್ಲಿ ನೆಲೆಸಿದ ಚಕ್ಮಾ ಜನರ ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಅದೇ: ಇಲ್ಲಿರುವ ಪ್ರತಿಯೊಬ್ಬರ ಜೀವ ಕಾಯುವುದು ಸರ್ಕಾರದ ಹೊಣೆ. ಆದರೆ 19ನೇ ವಿಧಿ, ಅಂದರೆ ಮಾತಿನ ಸ್ವಾತಂತ್ರ್ಯ, ಎಲ್ಲಿ ಬೇಕಾದರೂ ನೆಲೆಸುವ ಸ್ವಾತಂತ್ರ್ಯ, ಪ್ರಜೆಗಳಿಗೆ ಮಾತ್ರ. ವೇದಿಕೆಯ ಮೇಲೆ ಅವರಿಂದ ರಾಜಕೀಯ ಮಾತಾಡಿಸಬೇಡ ಅಂದದ್ದು ಇದಕ್ಕೇ. ನಾನು ಪುಕ್ಕಲು ಅಂತಲ್ಲ. ವಿದ್ಯಾರ್ಥಿ ವೀಸಾದಲ್ಲಿರುವವಳಿಗೆ ಒಂದು ಘೋಷಣೆಯ ಬೆಲೆ ಬೇರೆ, ನಿನಗೆ ಬೇರೆ.

ಉಪಯೋಗಕ್ಕೆ ಬರುವುದನ್ನು ಬೋರ್ಡಿನಲ್ಲಿ ದೊಡ್ಡದಾಗಿ ಬರೆಸು. 6ರಿಂದ 14 ವರ್ಷದ ಯಾವ ಮಗುವಿಗೂ ಶಾಲೆ ಬಾಗಿಲು ಹಾಕುವಂತಿಲ್ಲ. ಜನನ ಪ್ರಮಾಣಪತ್ರವೋ ಟಿ.ಸಿ.ಯೋ ಇಲ್ಲ ಅಂತ ವಾಪಸ್ ಕಳಿಸುವಂತಿಲ್ಲ. ಹೆಂಗಸರಿಗೂ ಮಕ್ಕಳಿಗೂ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ, ಪ್ರಜೆಯೇ ಆಗಿರಬೇಕು ಅಂತ ಆ ಕಾಯ್ದೆಯ ಸೆಕ್ಷನ್‌ನಲ್ಲಿಲ್ಲ. ಕಾನೂನು ನೆರವಿನ ಫೋನ್ 15100.

ಟಿಬೆಟನ್ ಹುಡುಗರ ಹತ್ತಿರ ಅವರ ಆರ್‌ಸಿ ಬಗ್ಗೆ ಹೇಳಿಸು, ಅಂದರೆ ಇಲ್ಲಿರಲಿಕ್ಕೆ ಸರ್ಕಾರ ಅವರಿಗೆ ಕೊಡುವ ನೋಂದಣಿ ಪ್ರಮಾಣಪತ್ರ. ನಮ್ಮ ಮಕ್ಕಳಿಗೆ ಗಾಡಿಯ ಆರ್‌ಸಿ ಮಾತ್ರ ಗೊತ್ತು! ಅದನ್ನು ಕಾಲಕಾಲಕ್ಕೆ ನವೀಕರಿಸಬೇಕು, ತಡವಾದರೆ ಬಾಕಿ ಕಾಗದವೆಲ್ಲ ನಿಲ್ಲುತ್ತದೆ. ಇನ್ನೊಂದು ಸೂಕ್ಷ್ಮ ಉಂಟು. 1950ರ ಜನವರಿ 26ರಿಂದ 1987ರ ಜುಲೈ 1ರ ಮೊದಲು ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳು, ಟಿಬೆಟನ್ನರೂ. ನಮ್ಮ ಹೈಕೋರ್ಟ್ 2013ರಲ್ಲಿ ಇದನ್ನು ಎತ್ತಿಹಿಡಿದಿದೆ. ಆಮೇಲೆ ಹುಟ್ಟಿದವರಿಗೆ ಅಪ್ಪ ಅಮ್ಮರಲ್ಲಿ ಒಬ್ಬರಾದರೂ ಪ್ರಜೆಯಾಗಿರಬೇಕು. ಇಬ್ಬರೂ ಪ್ರಜೆಗಳಲ್ಲದಿದ್ದರೆ ಒಂದೇ ಮನೆಯಲ್ಲಿ 1985ರಲ್ಲಿ ಹುಟ್ಟಿದ ಅಕ್ಕ ಪ್ರಜೆ, 1990ರಲ್ಲಿ ಹುಟ್ಟಿದ ತಮ್ಮ ವಿದೇಶಿ. ಕಣ್ಣೀರಿನ ಕತೆ ಹೇಳಿಸುವುದಕ್ಕಿಂತ ಇದನ್ನು ಬಿಡಿಸಿ ಹೇಳಿದರೆ ಮಕ್ಕಳ ತಲೆಗೆ ಬೇಗ ಹತ್ತುತ್ತದೆ. "ನೀವು ಹೇಗೆ ತಪ್ಪಿಸಿಕೊಂಡು ಬಂದಿರಿ?" ಅಂತ ಯಾರೂ ಕೇಳದ ಹಾಗೆ ನೋಡಿಕೊ. ಬೈಲಕುಪ್ಪೆಯಲ್ಲೇ ಹುಟ್ಟಿದವನ ಹತ್ತಿರ ಅದನ್ನು ಕೇಳುವುದೂ ಒಂದು ತಮಾಷೆ.

ಆಡಿಟೋರಿಯಮ್ ಬೇಡ. ಮೂವತ್ತು ಜನ, ಮೂರು ಗುಂಪು, ಒಬ್ಬ ಅತಿಥಿಗೆ ಹತ್ತು ಜನ, ಇಪ್ಪತ್ತು ನಿಮಿಷಕ್ಕೊಮ್ಮೆ ಅತಿಥಿಗಳು ಗುಂಪು ಬದಲಿಸಲಿ. ಪ್ರಶ್ನೆಗಳನ್ನು ಹಿಂದಿನ ದಿನವೇ ಚೀಟಿಯಲ್ಲಿ ಬರೆಸಿ ಅತಿಥಿಗಳ ಕೈಗೆ ಕೊಡು, ಬೇಡವಾದದ್ದನ್ನು ಅವರೇ ಹರಿದು ಬಿಸಾಡಲಿ.

ಸುಳ್ಯದ ಕಡೆಯ ಮಕ್ಕಳು "ನಮ್ಮ ರಬ್ಬರ್ ತೋಟದ ತಮಿಳರೂ ನಿರಾಶ್ರಿತರಲ್ವಾ?" ಅಂತ ಕೇಳಬಹುದು. ಅಲ್ಲ. 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದಲ್ಲಿ ಶ್ರೀಲಂಕಾದಿಂದ ಮರಳಿ ಬಂದ ತೋಟದ ಕಾರ್ಮಿಕರು ಅವರು, ಭಾರತದ ಪ್ರಜೆಗಳು. ಅರ್ಧ ಶತಮಾನ ಕಳೆದರೂ ಪಕ್ಕದ ಊರಿನವರೇ ಅವರನ್ನು ನಿರಾಶ್ರಿತರು ಅನ್ನುತ್ತೇವಲ್ಲ, ಅದನ್ನೇ ಚರ್ಚೆಗೆ ಇಟ್ಟುಕೊ.

ಹುಡುಗರು ಕುಶಾಲನಗರದಿಂದ ಬಸ್ಸಿಗೆ ಬರಬೇಕು, ಜೂನಿನಲ್ಲಿ ಸಂಪಾಜೆ ಘಾಟಿಯನ್ನು ನಂಬುವ ಹಾಗಿಲ್ಲ. ಹಿಂದಿನ ದಿನವೇ ಬರಲಿ, ಮೂಲ ಆರ್‌ಸಿ ತರಲಿ, ಜೆರಾಕ್ಸ್ ಸಾಲದು. ಲಾಡ್ಜಿನವರು 24 ಗಂಟೆಯೊಳಗೆ ವಿದೇಶಿ ಅತಿಥಿಯ ಮಾಹಿತಿ ಆನ್‌ಲೈನಿನಲ್ಲಿ ತುಂಬಬೇಕು. ಎಲ್ಲರೂ ಫಾರ್ಮ್ ಸಿ ಅನ್ನುವುದು ಅದನ್ನೇ. ತುಂಬಲಿಕ್ಕೆ ಉದಾಸೀನವಾಗಿ "ರೂಮಿಲ್ಲ" ಅನ್ನುವವರುಂಟು, ಹಾಗಾಗಿ ಬುಕ್ ಮಾಡುವಾಗಲೇ ಕೇಳಿಕೊ. ಬಸ್ಸಿನ ದುಡ್ಡು, ಊಟದ ದುಡ್ಡು ಕವರಿನಲ್ಲಿ ಹಾಕಿ ಬಂದ ಕೂಡಲೇ ಕೊಡು. ಹಣ್ಣಿನ ಬುಟ್ಟಿ ಹೊತ್ತು ಘಾಟಿ ಹತ್ತಿಸಬೇಡ. ಆದರೆ ಅಫ್ಘಾನ್ ಹುಡುಗಿಗೆ ಸಂಭಾವನೆ ಅಂತ ರಶೀದಿ ಬರೆಸಬೇಡ, ವಿದ್ಯಾರ್ಥಿ ವೀಸಾದಲ್ಲಿ ದುಡಿಮೆಗೆ ಅವಕಾಶವಿಲ್ಲ. ಪ್ರಯಾಣದ ಖರ್ಚು ಅಂತಲೇ ಇರಲಿ, ಖರ್ಚಾದಷ್ಟೇ.

ಕವರಿಗೆ ಬೇಕಾದ ದುಡ್ಡು ಅಪ್ಪನ ಹತ್ತಿರ ಕೊಟ್ಟಿದ್ದೇನೆ.

ಅಮ್ಮ