ಕತ್ತರಿ ಪಾಲಾದ ಎಕ್ಸ್‌ಪೈರಿ ಡೇಟ್

ಮಾನ್ಯರೇ,

'ಮೆಡಿಕಲ್ ಶಾಪ್‌ಗಳಿಗೆ ಅಧಿಕಾರಿಗಳ ದಿಢೀರ್ ಭೇಟಿ: ಅವಧಿ ಮೀರಿದ ಔಷಧ ಪತ್ತೆಯಾಗಿಲ್ಲ' ಎಂಬ ನಿಮ್ಮ ಸೋಮವಾರದ ವರದಿಯನ್ನು ನಾನು ಓದಿದ್ದು ಆಸ್ಪತ್ರೆಯ ಬೆಂಚಿನ ಮೇಲೆ ಕೂತು. ರಾತ್ರಿಯಿಡೀ ನಿದ್ದೆ ಇರಲಿಲ್ಲ. ಆದರೂ ನಗು ಬಂತು. ಪತ್ತೆಯಾಗುವುದಾದರೂ ಹೇಗೆ ಸ್ವಾಮಿ? ಮಾತ್ರೆ ಶೀಟನ್ನು ಕತ್ತರಿಸಿ ಬಿಡಿಯಾಗಿ ಮಾರುವಾಗ ತಾರೀಖು ಇರುವ ತುಂಡೆಲ್ಲ ಅಂಗಡಿಯಲ್ಲಿ, ತಾರೀಖು ಇಲ್ಲದ ತುಂಡೆಲ್ಲ ನಮ್ಮಂಥವರ ಮನೆಯ ಗೂಡಿನಲ್ಲಿ. ಅಧಿಕಾರಿಗಳು ಜೀಪ್ ಇಳಿದು ನೋಡಿದ್ದು ಅಂಗಡಿಯನ್ನು ಮಾತ್ರ.

ನಮ್ಮವ್ವನಿಗೆ ಎಪ್ಪತ್ತಾರು. ಬಿಪಿ, ಶುಗರ್ ಎರಡೂ ಇವೆ. ಕಳೆದ ವಾರ ಡಾಕ್ಟರ್ ಮಾತ್ರೆ ಬದಲಾಯಿಸಿ 'ಏಳು ದಿನ ಕೊಟ್ಟು ನೋಡಿ, ಆಮೇಲೆ ಬನ್ನಿ' ಅಂದರು. ಏಳು ದಿನಕ್ಕೆ ಹತ್ತರ ಶೀಟು ಯಾಕೆಂದು ಎರಡರದ್ದೂ ಏಳೇಳು ಮಾತ್ರೆ ಕೇಳಿದೆ. ಅಂಗಡಿಯ ಹುಡುಗ ಡ್ರಾದಿಂದ ಕತ್ತರಿ ತೆಗೆದು, ಸೀರೆ ಅಂಗಡಿಯವರು ರವಿಕೆ ಬಟ್ಟೆ ಕತ್ತರಿಸುವ ಹಾಗೆ ಕಚಕ್ ಅನ್ನಿಸಿದ. ಬಿಪಿಯದು ನಾಲ್ಕರದೊಂದು ಮೂರರದೊಂದು ತುಂಡು, ಶುಗರಿನದೂ ಹಾಗೆಯೇ. ನಾಲ್ಕನ್ನೂ ಒಂದೇ ಕಾಗದದ ಕವರಿಗೆ ಹಾಕಿದ. ಒಂದು ತುಂಡಿನಲ್ಲಿ ಕತ್ತರಿ ಮಾತ್ರೆಯ ಗುಳಿಯ ಅಂಚಿಗೇ ತಾಗಿ ಫಾಯಿಲ್ ಬಾಯಿ ಬಿಟ್ಟಿತ್ತು. ಮರುದಿನ ನೋಡಿದರೆ ಆ ಮಾತ್ರೆ ಥಂಡಿ ಕುಡಿದು ಪುಡಿಪುಡಿ. ಗಾಳಿ, ತೇವ ಸೋಕಬಾರದೆಂದು ಕಂಪನಿಯವರು ಅಲ್ಯೂಮಿನಿಯಂ ಹಾಳೆಯಲ್ಲಿ ಸೀಲ್ ಮಾಡಿ ಕಳಿಸುತ್ತಾರೆ, ಇವರು ಎರಡು ಸೆಕೆಂಡಿನಲ್ಲಿ ಕಿಟಕಿ ತೆಗೆದು ಕೊಡುತ್ತಾರೆ.

ಭಾನುವಾರ ರಾತ್ರಿ ಊಟವಾದ ಮೇಲೆ ಅವ್ವ ಬಿಪಿ ಮಾತ್ರೆ ಎಂದು ನುಂಗಿದ್ದು ಬೆಳಿಗ್ಗೆ ಆಗಲೇ ನುಂಗಿದ್ದ ಶುಗರಿನ ಮಾತ್ರೆಯನ್ನೇ. ಎರಡೂ ಬಿಳಿ, ಎರಡೂ ಗುಂಡಗೆ, ಎರಡೂ ಬೆಳ್ಳಿ ಬಣ್ಣದ ತುಂಡಿನಲ್ಲಿ. ರಾತ್ರಿ ಎರಡಕ್ಕೆ ಮೈಯೆಲ್ಲ ಬೆವರು, ಮಾತು ತೊದಲು. ನನ್ನ ಹೆಂಡತಿಗೆ ಹೊಳೆದು ಸಕ್ಕರೆ ನೀರು ಕುಡಿಸಿದಳು, ಅದೇ ಪುಣ್ಯ. ಮಿಷನ್‌ನಲ್ಲಿ ನೋಡಿದರೆ ಶುಗರ್ 48ಕ್ಕೆ ಇಳಿದಿತ್ತು. ಆಟೊದವನು ಆ ಹೊತ್ತಿನಲ್ಲಿ ಇನ್ನೂರೈವತ್ತು ಕೇಳಿದ, ಕೊಟ್ಟೆ. ರೈಲ್ವೆ ಗೇಟ್ ಹಾಕಿತ್ತು. ಹಾಕಿರಲೇಬೇಕಲ್ಲ! ಗೂಡ್ಸ್ ರೈಲಿನ ಬೋಗಿ ಎಣಿಸುತ್ತಾ ನಿಂತೆ.

ಡ್ಯೂಟಿ ಡಾಕ್ಟರ್ ಚಿಕ್ಕ ವಯಸ್ಸಿನ ಹುಡುಗಿ. 'ಯಾವ ಮಾತ್ರೆ ತಗೊಂಡಿದಾರೆ?' ಎಂದು ಕೇಳಿದರು. ಚೀಟಿ ಮನೆಯಲ್ಲಿ, ಕವರು ಕೈಯಲ್ಲಿ. ತುಂಡುಗಳನ್ನು ಕೊಟ್ಟೆ. ಮೊಬೈಲ್ ಟಾರ್ಚ್ ಹಿಡಿದು ಓದಿದರು. ಒಂದರ ಮೇಲೆ 'ಲೋಡಿಪಿ' ಎಂದಷ್ಟೇ ಇಂಗ್ಲಿಷಿನಲ್ಲಿ ಇತ್ತು. ಮೂಲ ಔಷಧದ ಹೆಸರು ಬ್ರ್ಯಾಂಡ್ ಹೆಸರಿಗಿಂತ ಎರಡು ಅಳತೆ ದೊಡ್ಡ ಅಕ್ಷರದಲ್ಲಿರಬೇಕೆಂದು 2018ರಿಂದ ನಿಯಮವಿದೆಯಂತೆ. ಅಕ್ಷರವೇನೋ ದಪ್ಪಗೇ ಇತ್ತು, ತಲೆ ಬಾಲ ಎರಡೂ ಇರಲಿಲ್ಲ. ಆಕೆ 'ಆಮ್ಲೋಡಿಪಿನ್ ಇರಬೇಕು, ಬಿಪಿದು' ಎಂದು ಪದಬಂಧ ಬಿಡಿಸಿದರು. ಬೇಕಾಗಿದ್ದದ್ದು ಶುಗರಿನದು. ಅದರ ತುಂಡಿನ ಮೇಲಿದ್ದದ್ದು 'ತಂಪಾದ ಒಣ ಜಾಗದಲ್ಲಿಡಿ, ಮಕ್ಕಳ ಕೈಗೆ ಸಿಗದಂತೆ ಇಡಿ' ಎಂಬ ಇಂಗ್ಲಿಷ್ ಉಪದೇಶ ಮಾತ್ರ. ಹೆಸರಿಲ್ಲ, ಎಷ್ಟು ಎಂಜಿ ಎಂದಿಲ್ಲ, ಬ್ಯಾಚ್ ನಂಬರ್ ಇಲ್ಲ, ತಾರೀಖಿಲ್ಲ. ಮಕ್ಕಳ ಕೈಗೆ ಸಿಗಲಿಲ್ಲ, ನಿಜ. ದೊಡ್ಡವರಿಗೆ ತಿಳಿಯಲೂ ಇಲ್ಲ. ಮಗನನ್ನು ಎಬ್ಬಿಸಿ, ಮನೆಯಿಂದ ಚೀಟಿಯ ಫೋಟೊ ವಾಟ್ಸ್‌ಆ್ಯಪ್ ಮಾಡಿಸಿ, ಡಾಕ್ಟರ್ ಕೈಬರಹ ಡಾಕ್ಟರೇ ಓದಿ ಮುಗಿಯುವ ಹೊತ್ತಿಗೆ ಇಪ್ಪತ್ತು ನಿಮಿಷ. 'ಈ ಮಾತ್ರೆ ಆದ್ರೆ ಶುಗರ್ ಮತ್ತೆ ಇಳಿಯಬಹುದು, ನಾಳೆವರೆಗೆ ಇರಲಿ' ಎಂದು ಗ್ಲೂಕೋಸ್ ಹಾಕಿ ಮಲಗಿಸಿದರು. ಅವ್ವ ಈಗ ಹುಷಾರಾಗಿದ್ದಾಳೆ. ಆಸ್ಪತ್ರೆಯ ಕಾಫಿಗೆ ಸಕ್ಕರೆ ಕಮ್ಮಿ ಎಂದು ಬೈಯುತ್ತಿದ್ದಾಳೆ.

ಮಂಗಳವಾರ ಅಂಗಡಿಗೆ ಹೋಗಿ ಕೇಳಿದೆ. ಮಾಲೀಕರು ಸಿಟ್ಟಾಗಲಿಲ್ಲ, ಅದೇ ನನಗೆ ಇನ್ನೂ ಸಿಟ್ಟು ತರಿಸಿತು. 'ಎಲ್ಲಾ ಕಡೆ ಹಿಂಗೇ ಕೊಡೋದು ಸಾರ್. ಡೇಟ್ ಇರೋ ತುಂಡು ನಮ್ಮತ್ರ ಇರ್ಬೇಕು, ಇನ್‌ಸ್ಪೆಕ್ಟರ್ ಬಂದ್ರೆ ತೋರಿಸ್ಬೇಕಲ್ಲ? ನಿಮಗೆ ಬೇಕಂದ್ರೆ ಫುಲ್ ಶೀಟ್ ತಗಳ್ರಿ.' ಇದಕ್ಕೆ ಉತ್ತರ ಹೇಳಿ. ತಾರೀಖು ಮುದ್ರಿಸುವುದು ಮಾತ್ರೆ ನುಂಗುವವನಿಗೋ, ಜೀಪಿನಲ್ಲಿ ಬರುವವನಿಗೋ? ಬಿಲ್ಲಿನ ಮೇಲಾದರೂ ಬ್ಯಾಚು, ತಾರೀಖು ಇರುತ್ತದಲ್ಲ ಎಂದರೆ ಅಂದು 'ಕಂಪ್ಯೂಟರ್ ಹ್ಯಾಂಗ್ ಆಗಿತ್ತು'. ಅದು ಯಾವಾಗಲೂ ನಾನು ಹೋದಾಗಲೇ ಹ್ಯಾಂಗ್ ಆಗುತ್ತದೆ.

ಫಾರ್ಮಸಿ ಓದುತ್ತಿರುವ ನನ್ನ ತಂಗಿಯ ಮಗ ಹೇಳಿದ ಮೇಲೆ ತಲೆ ಇನ್ನಷ್ಟು ಕೆಟ್ಟಿತು. ಚೀಟಿ ಇಲ್ಲದೆ ಕೊಡಬಾರದ ಔಷಧಕ್ಕೆ ಶೀಟಿನ ಎಡಪಕ್ಕ ಕೆಂಪು ಗೆರೆ ಇರುತ್ತದಂತೆ. ಆ್ಯಂಟಿಬಯೋಟಿಕ್ ಮನಬಂದಂತೆ ನುಂಗಬೇಡಿ ಎಂದು 2016ರಲ್ಲಿ ಕೇಂದ್ರ ಸರ್ಕಾರ ಆ ಗೆರೆಯದೇ ಪ್ರಚಾರ ಮಾಡಿತ್ತಂತೆ. ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡಿನ ಔಷಧಗಳಿಗೆ 2023ರ ಆಗಸ್ಟ್ 1ರಿಂದ ಬಾರ್‌ಕೋಡ್ ಇಲ್ಲವೇ ಕ್ಯುಆರ್ ಕೋಡ್ ಕಡ್ಡಾಯ. ಸ್ಕ್ಯಾನ್ ಮಾಡಿದರೆ ಹೆಸರು, ತಯಾರಕರು, ಬ್ಯಾಚು, ತಯಾರಾದ ದಿನ, ಮುಗಿಯುವ ದಿನ, ಲೈಸೆನ್ಸ್ ನಂಬರ್ ಎಲ್ಲ ಬರುತ್ತದೆ. ಭೇಷ್! ಆದರೆ ಶೀಟಿನ ಮೇಲೆ ಜಾಗ ಸಾಲದಿದ್ದರೆ ಹೊರಗಿನ ಡಬ್ಬದ ಮೇಲೆ ಹಾಕಬಹುದು. ಡಬ್ಬ ಯಾರ ಮನೆಗೆ ಬರುತ್ತದೆ? ಅದು ಅಂಗಡಿಯ ಕಪಾಟಿನಲ್ಲೇ ಕೂತು ಕೊನೆಗೆ ರದ್ದಿಗೆ ಹೋಗುತ್ತದೆ. ನಮ್ಮ ಕೈಗೆ ಬಂದ ತುಂಡಿನಲ್ಲಿ ಕೆಂಪು ಗೆರೆಯೂ ಇಲ್ಲ, ಕೋಡೂ ಇಲ್ಲ.

ಅವನೇ ಇನ್ನೊಂದು ಹೇಳಿದ. 1982ರಲ್ಲಿ ಅಮೆರಿಕದ ಶಿಕಾಗೊ ಕಡೆ ಯಾರೋ ಪಾಪಿ ಟೈಲೆನಾಲ್ ಎಂಬ ನೋವಿನ ಮಾತ್ರೆಯ ಬಾಟಲಿಗಳಿಗೆ ಸಯನೈಡ್ ಸೇರಿಸಿ ಏಳು ಜನ ಸತ್ತರು. ಎರಡು ತಿಂಗಳೊಳಗೆ ಅಲ್ಲಿನ ಸರ್ಕಾರ, ಯಾರಾದರೂ ತೆರೆದಿದ್ದರೆ ಕಣ್ಣಿಗೆ ಕಾಣುವಂಥ ಸೀಲ್ ಇರಲೇಬೇಕೆಂದು ನಿಯಮ ಮಾಡಿತು. ನಮ್ಮಲ್ಲಿ? ಒಂದೊಂದು ಮಾತ್ರೆ ಬೇರೆ ಮಾಡಲು ಬರುವಂತೆ ಶೀಟಿಗೆ ತೂತುಗೆರೆ ಹಾಕಿ, ಪ್ರತಿ ತುಂಡಿನ ಮೇಲೂ ತಾರೀಖು ಹಾಕುವ ಮಾತು 2023ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯಿಂದಲೇ ಬಂದಿತ್ತು. ಅಂಚೆ ಚೀಟಿಗೆ ನನ್ನಜ್ಜನ ಕಾಲದಿಂದಲೂ ತೂತುಗೆರೆ ಇದೆ. ಅದನ್ನು ಮಾತ್ರೆಗೆ ತರಲು ಇನ್ನೆಷ್ಟು ಮೀಟಿಂಗ್ ಬೇಕೋ.

ಔಷಧ ನಿಯಂತ್ರಣದ ಕಚೇರಿಗೆ ಫೋನ್ ಮಾಡಿದೆ. ಮೊದಲ ಸಲ 'ಸಾಹೇಬ್ರು ಫೀಲ್ಡಿಗೆ ಹೋಗ್ಯಾರೆ', ಎರಡನೇ ಸಲ 'ಮೀಟಿಂಗ್', ಮೂರನೇ ಸಲ 'ಅದು ಕೇಂದ್ರದ ವಿಷಯ ಬರುತ್ತೆ, ಬರವಣಿಗೆಯಲ್ಲಿ ಕೊಡಿ'. ಬರೆದು ಕೊಡಲು ಹೋದರೆ ಕಚೇರಿ ಎರಡನೇ ಮಹಡಿ, ಲಿಫ್ಟ್ ಕೆಟ್ಟಿದೆ, ದೂರು ಪೆಟ್ಟಿಗೆಯ ಬೀಗ ತುಕ್ಕು ಹಿಡಿದಿದೆ. ಬಳ್ಳಾರಿಯ ಬಾಣಂತಿಯರು ಸತ್ತು ಡ್ರಿಪ್ ದ್ರಾವಣದ ಮೇಲೆ ಸಂಶಯ ಬಂದಾಗ, 2024ರಲ್ಲಿ, ಔಷಧ ನಿಯಂತ್ರಣದ ದೊಡ್ಡ ಅಧಿಕಾರಿಯನ್ನೇ ಅಮಾನತು ಮಾಡಿದರು. ಎಲ್ಲ ಸರಿಹೋಯಿತು ಅಂದುಕೊಂಡೆವು. ಅಂದುಕೊಳ್ಳುವುದರಲ್ಲಿ ನಾವು ಯಾವತ್ತೂ ಹಿಂದೆ ಬಿದ್ದವರಲ್ಲ.

ಹಾಗೆಂದು ಕತ್ತರಿಸಿ ಮಾರುವುದನ್ನೇ ನಿಲ್ಲಿಸಿ ಎನ್ನೋಣವೇ? ನಿಲ್ಲಿಸಿದರೆ ನಾಲ್ಕು ಮಾತ್ರೆ ಬೇಕಾದ ಕೂಲಿಯವನು ಹತ್ತರ ದುಡ್ಡು ಎಲ್ಲಿಂದ ತರಬೇಕು, ಅದೂ ಆಗುವುದಿಲ್ಲ. ಹಾಗಾದರೆ ಪ್ರತಿ ಮಾತ್ರೆಯ ಬೆನ್ನಿಗೂ ಹೆಸರು, ತಾರೀಖು ಅಚ್ಚು ಹಾಕಲಿ, ಕನ್ನಡದಲ್ಲಿ ಹಾಕಲಿ. ರಾಜ್ಯದಲ್ಲಿ ತಯಾರಾಗುವ ಸರಕಿನ ಮೇಲೆ ಕನ್ನಡ ಇರಬೇಕೆಂದು ಆದೇಶ ಹೊರಡಿಸಿದವರು ಮಾತ್ರೆ ಶೀಟನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಲಿ. ಕಂಪನಿಯವರು ಮಾಡಲಿ, ಇಲ್ಲ ಅಂಗಡಿಯವರು ಪೆನ್ನಿನಲ್ಲಾದರೂ ಬರೆದು ಕೊಡಲಿ, ಅದನ್ನು ಯಾರು ಮಾಡಿಸಬೇಕೋ ಅವರು ಮಾಡಿಸಲಿ. ಸಂಬಳ ತೆಗೆದುಕೊಳ್ಳುವುದಿಲ್ಲವೇ? ಮುಂದಿನ ದಿಢೀರ್ ಭೇಟಿಗೆ ನಮ್ಮ ಮನೆಗೇ ಬನ್ನಿ. ಆ ನಾಲ್ಕು ತುಂಡುಗಳನ್ನು ಎಸೆದಿಲ್ಲ, ಡಬ್ಬಿಯಲ್ಲಿ ಎತ್ತಿಟ್ಟಿದ್ದೇನೆ, ತಂಪಾದ ಒಣ ಜಾಗದಲ್ಲಿ.

– ನೊಂದ ಗ್ರಾಹಕ, ವಿದ್ಯಾನಗರ 2ನೇ ಹಂತ