ಮೊಂಡು ಹೆಣ್ಗುದ್ರೆಗೆ ಮುಳ್ಳು ಕಡಿವಾಣ ಹಾಕ್ಬೇಡಿ

ಸಂಪಾದಕರಿಗೆ ನಮಸ್ಕಾರ,

ತಮಿಳರ ಆಡಿ ತಿಂಗಳು ಹತ್ರ ಬಂತು, ತಮಿಳುನಾಡಿನ ಅಂದಿಯೂರಲ್ಲಿ ಕುದ್ರೆ ಸಂತೆ ಸೇರೋ ಗುರುನಾಥಸ್ವಾಮಿ ಜಾತ್ರೆಗೆ ನಮ್ ತಾಳವಾಡಿ ಕಡೆಯಿಂದ ಕುದ್ರೆ ನೋಡೋಕೆ ಹೋಗೋರು ಇರ್ತಾರೆ, ಅವ್ರಿಗೋಸ್ಕರ ಈ ಕಾಗದ. ಹೋದ್ ವರ್ಷ ನಾನೂ ಅಲ್ಲಿಂದ ಒಂದು ಕೆಂದು ಬಣ್ಣದ ಹೆಣ್ಗುದ್ರೆ ತಂದೆ. ದಿಂಬಂ ಘಾಟಿಯ 27 ತಿರುವೂ ಟೆಂಪೋದಲ್ಲಿ ಸುಮ್ನೆ ನಿಂತ್ಕೊಂಡೇ ಹತ್ತಿದ್ಲು, ಪರ್ವಾಗಿಲ್ಲ ಸಾಧು ಅನ್ಕೊಂಡೆ. ಮಾರನೇ ದಿನ ನೀರಿಗೆ ಅಂತ ಹಿಡ್ಕೊಂಡು ಹೋದ್ರೆ ರಾಗಿ ಹೊಲದ ತುಂಬ ನನ್ನ ದರದರ ಎಳ್ಕೊಂಡೋದ್ಲು, ಮೊಣಕೈ ಮೇಲೆ ಕಲೆ ಇನ್ನೂ ಇದೆ.

ನೋಡ್ದೋರೆಲ್ಲ ಮುಳ್ಳು ಕಡಿವಾಣ, ಅಂದ್ರೆ ಬಾಯಿಗೆ ಚುಚ್ಚೋ ಮೊನೆ ಇರೋ ಕಡಿವಾಣ, ಹಾಕು ಬಗ್ತಾಳೆ ಅಂದ್ರು. ಅದು 1965ರ ಪ್ರಾಣಿಹಿಂಸೆ ತಡೆ ನಿಯಮದಲ್ಲೇ ನಿಷೇಧ ಆಗಿರೋದು, ಕೇಳೋರು ಯಾರು ಬಿಡಿ. ಆದ್ರೆ ಬಾಯಿ ನೋವಾದ ಕುದ್ರೆ ತಲೆ ಮೇಲೆತ್ತಿ ಇನ್ನೂ ಜೋರಾಗಿ ಓಡುತ್ತೆ, ಆಮೇಲೆ ಮೇಲೆ ಕೂತೋನ ಗತಿ?

ನಾನು ಮೊದ್ಲು ಡಾಕ್ಟ್ರಿಗೆ ಹಲ್ಲು, ಬೆನ್ನು ತೋರಿಸ್ದೆ. ಹಳೇ ಜೀನು ಬೆನ್ನಿನ ಒಂದು ಕಡೆ ಒತ್ತುತ್ತಿತ್ತು, ಅರ್ಧ ಮೊಂಡುತನ ಅಲ್ಲೇ ಇತ್ತು. ಇನ್ನೊಂದು, ಮಾರ್ದೋನು ಹಿಂದಿ, ಡಾಕ್ಟ್ರು ತಮಿಳು, ನಾನು ಕನ್ನಡ, ಪಾಪ ಅವ್ಳಾದ್ರೂ ಯಾರ ಮಾತು ಕೇಳ್ಬೇಕು! ಒಂದು ತಿಂಗಳು ನಾನು ಅವ್ಳ ಬೆನ್ನು ಹತ್ಲೇ ಇಲ್ಲ. ಕಡಿವಾಣ ಇಲ್ದೆ ಬರೀ ಮುಖಕ್ಕೆ ಹಗ್ಗ ಕಟ್ಟಿ ನೆಲದ ಮೇಲೇ ಪಾಠ. ಹಗ್ಗ ಮೆಲ್ಲಗೆ ಹಿಂದಕ್ಕೆ ಒತ್ತೋದು, ಒಂದೇ ಒಂದು ಹೆಜ್ಜೆ ಹಿಂದೆ ಇಟ್ಲು ಅಂದ್ರೆ ತಕ್ಷಣ ಸಡಿಲ ಬಿಡೋದು. ಅವ್ಳಿಗೆ ಪಾಠ ಹತ್ತೋದು ಆ ಸಡಿಲ ಆದ ಗಳಿಗೇಲೇ, ಎರಡು ಸೆಕೆಂಡ್ ತಡ ಮಾಡಿದ್ರೆ ಯಾವುದಕ್ಕೆ ಬಿಟ್ರು ಅಂತ ಅವ್ಳಿಗೆ ಗೊತ್ತಾಗಲ್ಲ. ಆಮೇಲೆ ಪಕ್ಕೆ ಹತ್ರ ಕೈ ತೋರಿಸಿ ಹಿಂಭಾಗ ಸರಿಸೋದು, ಉದ್ದ ಹಗ್ಗದಲ್ಲಿ ಎರಡೂ ಕಡೆ ಸುತ್ತು. ಬಲಕ್ಕೆ ತಿರುಗು ಅಂದ್ರೆ ಮಾತ್ರ ಅವ್ಳಿಗೆ ಕೋಪ, ಹಂಗಾಗಿ ಬಲಕ್ಕೆ ಕಮ್ಮಿ ಸುತ್ತು, ಚೆನ್ನಾಗಿ ಬಂದ ತಕ್ಷಣ ನಿಲ್ಲಿಸ್ತಿದ್ದೆ.

ಹತ್ತಿದ್ ಮೇಲೂ ಓಡ್ಸೋ ಆಸೆ ಕಟ್ಟಿಟ್ಟೆ. ನಾಲ್ಕು ಹೆಜ್ಜೆ ನಡೆ, ನಿಲ್ಲು, ಮತ್ತೆ ನಡೆ. ಎರಡು ತೆಂಗಿನ ಮರದ ಸುತ್ತ ಎಂಟರ ಆಕಾರ. ಜೋರು ಹಿಡಿದ್ರೆ ಎರಡೂ ಲಗಾಮು ಎಳೆಯಲ್ಲ, ಒಂದನ್ನೇ ನಿಧಾನಕ್ಕೆ ಪಕ್ಕಕ್ಕೆ ತಂದು ಸುತ್ತು ಹಾಕ್ಸಿ ನಿಲ್ಲಿಸ್ತೀನಿ. ಬೆದೆ ಬಂದಾಗ, ಸುಮಾರು 21 ದಿನಕ್ಕೊಂದ್ಸಲ ಐದಾರು ದಿನ, ಕಿವಿ ಹಿಂದಕ್ಕೆ ಹಾಕ್ಕೊಂಡೇ ಇರ್ತಾಳೆ, ಆಗ ಹೊಸ ಪಾಠ ಇಲ್ಲ.

ಈಗ ನೀರಿಗೆ ನನ್ನ ಪಕ್ಕದಲ್ಲೇ ಬರ್ತಾಳೆ, ಹಗ್ಗ ಜೋತು ಬಿದ್ದಿರುತ್ತೆ. ಬಲಕ್ಕೆ ಇನ್ನೂ ಸ್ವಲ್ಪ ಗುರ್ರ್ ಅಂತಾಳೆ ಅನ್ನಿ. ಜಾತ್ರೆ ನಡೆಸೋರಿಗೆ ಒಂದು ಕೋರಿಕೆ, ಕುದ್ರೆ ಕುಣಿಸೋದು ತೋರಿಸೋ ಜಾಗದಲ್ಲೇ ದಿನಾ ಅರ್ಧ ಗಂಟೆ ಈ ನೆಲದ ಪಾಠನೂ ಯಾರಾದ್ರೂ ಗೊತ್ತಿರೋರ ಕೈಲಿ ತೋರಿಸ್ಲಿ, ತಮಿಳಲ್ಲೂ ಕನ್ನಡದಲ್ಲೂ.

ಇಂತಿ,
ತಾಳವಾಡಿಯ ಒಬ್ಬ ರೈತ